ತುಂಡು ಕಡ್ಡಿಯ ಬೆಸುಗೆ

ಇಪ್ಪತ್ತಾರು ವರ್ಷ ವೆಲ್ಡಿಂಗ್ ಮಾಡಿದ ಆತನನ್ನು ವರ್ಕ್‌ಶಾಪಿನವರು ಅವಸರಪ್ಪ ಎಂದು ಕರೆಯುತ್ತಿದ್ದರು. ಒಂದು ದಿನವೂ ಅವಸರ ಮಾಡಿದವನಲ್ಲ, ಅದಕ್ಕೇ ಆ ಹೆಸರು. ಬೆಸುಗೆ ಕಡ್ಡಿ ಬೆರಳುದ್ದ ಉಳಿದರೂ ಎಸೆಯುತ್ತಿರಲಿಲ್ಲ. ಹೊಸ ಕಡ್ಡಿಯ ತುದಿಗೆ ಅಂಟಿಸಿ ಕೊನೆಯ ಚೂರನ್ನೂ ಕರಗಿಸುತ್ತಿದ್ದ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆಂದು ಬಿಸಿ ಉಪ್ಪುನೀರಿನ ಪೈಪು ತಯಾರಾಗಿತ್ತು. ಅದನ್ನು ಲಾರಿಗೆ ಏರಿಸಿ ಆದಮೇಲೆ ಅವಸರಪ್ಪ ಜೇಬಿಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಬೆಳಿಗ್ಗೆ ಅಂಟಿಸಿದೆ ಅಂದುಕೊಂಡಿದ್ದ ತುಂಡು ಜೇಬಿನಲ್ಲೇ ಇತ್ತು! ಹಾಗಾದರೆ ಅಂಟಿಸಿದ್ದು ಮೇಜಿನ ಮೇಲೆ ಬಿದ್ದಿದ್ದ, ಕುಡಿಯುವ ನೀರಿನ ತೊಟ್ಟಿಗೆ ಬಳಸಿದ ಕಡ್ಡಿಯ ತುಂಡು.

ಎರಡೂ ಸ್ಟೇನ್‌ಲೆಸ್ ಸ್ಟೀಲೇ. ಎರಡರಲ್ಲೂ ತುಕ್ಕು ತಡೆಯುವ ಕ್ರೋಮಿಯಂ ಇದೆ. ನೋಡಲು ಅವಳಿ ಜವಳಿ. ಆದರೆ ಬಿಸಿ ಉಪ್ಪುನೀರು ಕ್ರೋಮಿಯಂ ಒಂದಕ್ಕೇ ಬಗ್ಗುವುದಿಲ್ಲ, ಸೂಜಿ ಚುಚ್ಚಿದಂಥ ತೂತು ಕೊರೆಯುತ್ತದೆ. ಅದನ್ನು ತಡೆಯಲು ನೂರಕ್ಕೆ ಎರಡು ಮೂರು ಪಾಲು ಮಾಲಿಬ್ಡಿನಂ ಎಂಬ ಲೋಹವೂ ಬೇಕು. ನೀರಿನ ತೊಟ್ಟಿಯ ಕಡ್ಡಿಯಲ್ಲಿ ಅದಿಲ್ಲ. ಆ ಕಾರ್ಖಾನೆಯಲ್ಲಿ ಈ ಪೈಪು ಕೂರುವ ಜಾಗದ ಕೆಳಗಿನ ಯಂತ್ರದ ಮುಂದೆ ದಿನವಿಡೀ ನಿಲ್ಲುವವಳು ಅವಸರಪ್ಪನ ಮಗಳು.

"ಲಾರಿ ನಿಲ್ಸಿ!" ಎಂದು ಕೂಗಿ, ತುಂಡು ಅದಲುಬದಲಾದದ್ದನ್ನು ಎಲ್ಲರೆದುರೇ ಹೇಳಿದ.

ಮೇಸ್ತ್ರಿ ಹಣೆ ಚಚ್ಚಿಕೊಂಡ. "ಇಷ್ಟು ವರ್ಷ ಇಲ್ಲದ ಅವಸರ ಇವತ್ತೇ ಬಂತೇನಪ್ಪಾ ನಿಂಗೆ?"

"ಆಮೇಲೆ ಬೈಯಯ್ಯಾ, ಹೊಟ್ಟೆ ತುಂಬ ಬೈ. ಮೊದಲು ಪೈಪ್ ಇಳಿಸು."

ವಿಷಯ ಕೇಳಿದ ಪರೀಕ್ಷೆ ವಿಭಾಗದ ಮೇಡಂ ಬೈಯಲಿಲ್ಲ. "ಎಷ್ಟು ಜಾಯಿಂಟು?" ಎಂದರು.

"ಹನ್ನೊಂದು, ಮೇಡಂ."

"ಎಲ್ಲಾ ಒರೆಸಿ ಇಡಿ."

ಬೆಸುಗೆಯ ಮೇಲೆ ಔಷಧದ ಹನಿ ಇಟ್ಟು ಬ್ಯಾಟರಿಯ ತಂತಿ ತಾಗಿಸಿದರೆ, ಮಾಲಿಬ್ಡಿನಂ ಇದ್ದಲ್ಲಿ ಹನಿ ಗುಲಾಬಿಯಾಗುತ್ತದೆ. ತೆಳು ಪೈಪು, ಒಂದೇ ಸುತ್ತಿನ ಬೆಸುಗೆ, ಹೊರಗಿದ್ದದ್ದೇ ಒಳಗೂ. ಮೇಡಂ ಬೆರಳಗಲಕ್ಕೊಂದು ಹನಿ ಇಡುತ್ತ ಹೋದರು. ಏಳು ಜಾಯಿಂಟು ಗುಲಾಬಿ. ಎಂಟನೆಯದರ ಅಡಿಯಲ್ಲಿ, ಎರಡು ಬೆರಳಷ್ಟು ಜಾಗದಲ್ಲಿ, ಹನಿ ಬಿಳಿಚಿಕೊಂಡೇ ಉಳಿಯಿತು.

"ಇಲ್ಲಿದಾನೆ ನೋಡಿ ನಿಮ್ಮ ಕಳ್ಳ."

ಅವಸರಪ್ಪ ಬಳಪದಿಂದ ಆ ಜಾಗಕ್ಕೆ ಗೆರೆ ಎಳೆದ. "ಸಿಕ್ದನಲ್ಲ, ಸಾಕು ತಾಯಿ."

ಉಳಿದ ಮೂರೂ ಗುಲಾಬಿಯಾದವು. ಎಂಟನೆಯದನ್ನು ಅವನೇ ಕತ್ತರಿಸಿ, ಹೊಸ ಕಡ್ಡಿಯಿಂದ ಬೆಸೆದ. ಮತ್ತೆ ಹನಿ ಇಟ್ಟರು. ಸುತ್ತಲೂ ಗುಲಾಬಿ.

ಸಂಜೆ ಮನೆಯಲ್ಲಿ ಮಗಳು ಕೇಳಿದಳು: "ಅಪ್ಪಾ, ನಮ್ಮ ಪೈಪ್ ಬರಲೇ ಇಲ್ವಲ್ಲ?"

"ನಾಳೆ ಬರುತ್ತಮ್ಮ. ಒಂದು ಜಾಯಿಂಟ್ ಕೆಡಿಸಿದ್ದೆ. ಕಿತ್ತು ಮತ್ತೆ ಮಾಡ್ದೆ."

"ಕೆಡಿಸಿದ್ದೆ ಅಂತ ನೀನೇ ಹೇಳ್ದ್ಯಾ? ಎಲ್ಲರೆದುರಿಗೆ?"

"ಹೂಂ. ಮೇಸ್ತ್ರಿ ಇನ್ನೂ ಬೈತಾನೇ ಇದಾನೆ."

ಅವಳು ಜೋರಾಗಿ ನಕ್ಕಳು. "ಬೈಲಿ ಬಿಡು. ನಾನಂತೂ ಅದರ ಕೆಳಗೆ ಹೆದರದೆ ನಿಂತ್ಕೋತೀನಿ."