ಕಿಸೆಯಲ್ಲಿದ್ದ ಕೇಪು

ಮೊನ್ನೆ ದಸರೆಯ ಖಂಡೇಪೂಜೆಯ ದಿನ ಹೆಂಡತಿ ನನ್ನ ಸ್ಕೂಟರಿಗೆ ಕುಂಕುಮ ಹಚ್ಚಿ, ಹೊತ್ತಿಸಿದ ಊದಿನಕಡ್ಡಿಯನ್ನು ಪೆಟ್ರೋಲ್ ಟಾಕಿಯ ಮುಚ್ಚಳದ ಸಂದಿಗೆ ಸಿಕ್ಕಿಸಿದಳು. ಓಡಿಹೋಗಿ ಕಿತ್ತೆ. "ಟಾಕಿ ಖಾಲಿ ಐತ್ರಿ! ನಿನ್ನೆ ನೀವಽ ನೂಕ್ಕೊಂಡು ಬಂದೀರಲ್ಲ" ಎಂದು ನಕ್ಕಳು. ಖಾಲಿ ಎಂಬ ಮಾತು, ಆ ಹೊಗೆಯ ವಾಸನೆ… ಕಡ್ಡಿಯನ್ನು ಕೈಚಾಚಿ ದೂರ ಹಿಡಿದೆ. ಜನ ಬಂದೂಕಿಗೆ ಅಂಜುತ್ತಾರೆ, ನಾನು ಊದಿನಕಡ್ಡಿಗೆ ಅಂಜುತ್ತೇನೆ. ಅದಕ್ಕೆ ಕಾರಣ ಬಾಜೂ ಮನೆಯ ಕಾಕಾ.

ಎಂಬತ್ತರ ದಶಕದಲ್ಲಿ ಕಲಘಟಗಿಯ ಆಚೆ, ಕಾಡಂಚಿನ ಹಳ್ಳಿಯೊಂದಕ್ಕೆ ಮಾಸ್ತರನಾಗಿ ಹೋಗಿದ್ದೆ. ಕಾಕಾನ ಮನೆಗೂ ನನ್ನ ಬಾಡಿಗೆ ಕೋಣೆಗೂ ಒಂದೇ ಗೋಡೆ. ಭತ್ತಕ್ಕೆ ಬೀಳುವ ಹಂದಿಗಳನ್ನು ಓಡಿಸಲು ಅವರಲ್ಲಿ ಲೈಸೆನ್ಸಿನ ಹಳೆಯ ಬಂದೂಕಿತ್ತು. ನಳಿಗೆಯ ಬಾಯಿಂದ ಮದ್ದು, ಸೀಸದ ಚರೆ ಸುರಿದು ಕಬ್ಬಿಣದ ಸರಳಿನಿಂದ ಜಡಿಯುವಂಥದ್ದು. ಗೂಟದ ಮೇಲೆ ಅದು ಮಲಗುತ್ತಿದ್ದದ್ದು ನನ್ನ ಮಂಚದ ಕಡೆ ಬಾಯಿ ಮಾಡಿ. ನಡುವೆ ಮೊಳ ದಪ್ಪದ ಗೋಡೆ ಇದ್ದರೂ ನಾನು ಮಂಚವನ್ನು ಮೂಲೆಗೆ ಸರಿಸಿದೆ. ಅದು ಗೊತ್ತಾಗಿ ಕಾಕಾ ಊರ ತುಂಬ ಹೇಳಿಕೊಂಡು ನಕ್ಕರು.

ಒಮ್ಮೆ ಜಡಿದ ಮದ್ದನ್ನು ಮತ್ತೆ ಹೊರಗೆ ತೆಗೆಯುವುದು ದೊಡ್ಡ ರಗಳೆ. ಅದಕ್ಕೇ ಬೆಳೆ ಮನೆಗೆ ಬರುವತನಕ ಬಂದೂಕು ತುಂಬಿಯೇ ಇರುತ್ತಿತ್ತು. ಮದ್ದಿಗೆ ಇಳಿಯುವ ತೂತಿನ ಮೇಲೆ ಕೂತು, ಬಂದೂಕಿನ ಕುದುರೆ ಬಡಿದಾಗ ಕಿಡಿ ಕಾರುವ ಕೇಪು ಎಂಬ ತಾಮ್ರದ ಸಣ್ಣ ಟೊಪ್ಪಿಗೆಯನ್ನು ತೆಗೆದು ಕಿಸೆಗೆ ಹಾಕಿಕೊಂಡರಾಯಿತು, ಬಂದೂಕು ಖಾಲಿ. ಇದು ಊರ ಲೆಕ್ಕ.

ಠಾಣೆಯ ಲೆಕ್ಕ ಬೇರೆ ಎಂದು ತಿಳಿದದ್ದು ಎಲೆಕ್ಷನ್ ಬಂದು ಬಂದೂಕುಗಳನ್ನೆಲ್ಲ ಅಲ್ಲಿ ಇಡಬೇಕಾದಾಗ. ಓದಿದವನೆಂದು ಕಾಕಾ ನನ್ನನ್ನೂ ಎಳೆದೊಯ್ದಿದ್ದರು. ಫೌಜದಾರರು ನಳಿಗೆಯೊಳಗೆ ಸರಳು ಬಿಟ್ಟರು. ಅದು ತಳ ಮುಟ್ಟದೆ ನಾಲ್ಕು ಬೆರಳು ಹೊರಗೇ ನಿಂತಿತು.

"ತುಂಬಿದ ಬಂದೂಕು ತಂದೀಯಲ್ಲೋ ಯಜಮಾನ!"

"ಖಾಲಿ ಐತ್ರಿ ಸಾಹೇಬ್ರ. ಕೇಪ್ ಹಾಕಿಲ್ರಿ."

"ಕೇಪಿಂದೇನ್ ಹೇಳ್ತೀ? ಹೊಟ್ಟ್ಯಾಗ ಮದ್ದು ಐತಿಲ್ಲ? ಕಾಯ್ದೇಕ್ಕೂ ಅದು ತುಂಬಿದ್ದಽ, ಸಾಯಾವಗೂ ತುಂಬಿದ್ದಽ."

ಮದ್ದು ತೆಗೆಸಿ, ಬಂದೂಕು ಒಪ್ಪಿಸಿ ವಾಪಸು ಬರುವಾಗ ಕಾಕಾ ದಾರಿಯುದ್ದಕ್ಕೂ ಫೌಜದಾರರನ್ನು ಬೈದರು. "ಹಂದಿ ನೋಡಿದವನಽ ಅಲ್ಲ, ನನಗ ಬಂದೂಕು ಕಲಸ್ತಾನ." ನಾನು ಹೂಂಗುಟ್ಟಿದೆ. ಆದರೆ ಹೊರಗೆ ನಿಂತ ಆ ನಾಲ್ಕು ಬೆರಳು ಸರಳು ನನ್ನ ನಿದ್ದೆಯೊಳಗೆ ಬಂದು ಕೂತಿತು.

ಆ ವರ್ಷದ ಖಂಡೇಪೂಜೆಗೆ ಕಾಕಾ ಊಟಕ್ಕೆ ಕರೆದರು. ಭತ್ತ ಇನ್ನೂ ಹೊಲದಲ್ಲೇ ಇತ್ತು. ಕಂಬಳಿಯ ಮೇಲೆ ಕುಡುಗೋಲು, ಕೊಡಲಿ, ಎಲೆಕ್ಷನ್ ಮುಗಿದು ಮನೆಗೆ ಬಂದಿದ್ದ ಬಂದೂಕು. ಅದರ ಬಾಯಿ ನಮ್ಮ ಪಂಕ್ತಿಯ ಕಡೆಗಿತ್ತು. ಕಾಕಿ ಊದಿನಕಡ್ಡಿಗೆ ಜಾಗ ಹುಡುಕಿದರು. ಬಾಳೆಹಣ್ಣು ಎಡೆಗೆ ಹೋಗಿತ್ತು. ಎರಡು ಕಡ್ಡಿಗಳನ್ನು ಬಂದೂಕಿನ ಕುದುರೆಯ ಸಂದಿಗೇ ಸಿಕ್ಕಿಸಿ ಕೈಮುಗಿದರು.

"ಕಾಕಾ, ಒಮ್ಮೆ ಸರಳು ಹಾಕಿ ನೋಡ್ರಲ್ಲ…"

"ಏ ಮಾಸ್ತರ, ಕೇಪ್ ಇಲ್ಲೈತಿ ನೋಡ್ರಿ!" ಅಂಗಿಯ ಕಿಸೆ ತಟ್ಟಿದರು. "ಹೋಳಿಗಿಗೂ ಅಂಜತೀರೋ, ಹೆಂಗ?"

ಎಲ್ಲರೂ ನಕ್ಕರು. ಬಂದೂಕಿನ ನೇರಕ್ಕೆ, ಮಣೆಯ ಮೇಲೆ, ಕಾಕಾನ ಪುಟ್ಟ ಮೊಮ್ಮಗಳು ಕೂತಿದ್ದಳು. ನಾನು ಅವಳ ಬಾಜೂಕೆ. ಕಡ್ಡಿಗಳು ಬಾಗಿದ್ದವು, ಕೆಂಡ ಕೇಪಿಲ್ಲದ ತೂತಿನ ಕಡೆಗೆ ಇಳಿಯುತ್ತಿತ್ತು. ಎದ್ದು ಹೋದರೆ ಊರು ವರ್ಷಗಟ್ಟಲೆ ನಗುತ್ತದೆ. ಹೋಳಿಗೆ ಬಾಯಲ್ಲಿ ಮಣ್ಣಾಯಿತು, ಗಂಟಲು ಒಣಗಿತು. ಮಾತು ಹೊರಡದೆ ತಂಬಿಗೆಯತ್ತ ಕೈ ಮಾಡಿದೆ. ಹುಡುಗಿ ಜಾಣೆ, ಬರಿದಾಗಿದ್ದ ತಂಬಿಗೆ ಎತ್ತಿಕೊಂಡು ನೀರು ತರಲು ಟಣ್ಣನೆ ಎದ್ದು ಒಳಗೆ ಓಡಿದಳು.

ಮನೆ ಸಿಡಿದಂತಾಯಿತು…

ಹೊಗೆ ತಿಳಿಯಾದಾಗ ಮಣೆ ಎರಡು ಹೋಳಾಗಿತ್ತು. ಹುಡುಗಿ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ನೀರು ಚೆಲ್ಲುತ್ತಲೇ ಇತ್ತು. ಕಾಕಾ ಕಿಸೆಯಿಂದ ಕೇಪು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. "ಇಲ್ಲೇ ಐತಲ್ಲ… ಇಲ್ಲೇ ಐತಿ…"

ಮಾಸ್ತರು ಕೂಸನ್ನು ಉಳಿಸಿದರೆಂದು ಊರು ಹೊಗಳಿತು. ಕಾಕಾ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದರು, ಹಂದಿಗೆ ಡಬ್ಬಿ ಬಡಿಯುತ್ತ ಹೊಲ ಕಾದರು. ಆ ಮೇಲೆ ನನ್ನ ಅಂಜಿಕೆಯ ಬಗ್ಗೆ ಒಂದು ನಗೆಮಾತೂ ಅವರ ಬಾಯಿಂದ ಬರಲಿಲ್ಲ.

ನನಗೆ ವರ್ಗವಾದಾಗ ಬಸ್ಸಿನತನಕ ಬಂದರು.

"ಮಾಸ್ತರ, ಖರೇ ಹೇಳ್ರಿ. ಅವತ್ತು ಗೊತ್ತಾಗಿ ಆಕಿನ್ನ ಎಬ್ಬಿಸಿದ್ರ್ಯೋ, ನೀರಡಿಕಿ ಆಗಿತ್ತೋ?"

"ಅಂಜಿ ಗಂಟಲು ಒಣಗಿತ್ರಿ ಕಾಕಾ. ಅಷ್ಟಽ."

ಕಾಕಾ ನನ್ನ ಚೀಲವನ್ನು ಬಸ್ಸಿಗೆ ಎತ್ತಿ ಕೊಟ್ಟರು. "ಹಂಗಾರ ಅಂಜಕೋತಽ ಇರ್ರಿ" ಎಂದರು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಕೊನೆಗೊಮ್ಮೆ ಹೋಗಿ ನೋಡಲೂ ಆಗಲಿಲ್ಲ…

ಮೊನ್ನೆ ಕಡ್ಡಿಯನ್ನು ದೂರ ತುಳಸಿಯ ಮಣ್ಣಿಗೆ ಚುಚ್ಚಿ ಬಂದೆ. ಹೆಂಡತಿ ಇನ್ನೂ ನಗುತ್ತಿದ್ದಳು. ನಾನು ಟಾಕಿಯ ಮುಚ್ಚಳ ತೆಗೆದು ಕಿವಿಗೊಟ್ಟು ಸ್ಕೂಟರ್ ಅಲ್ಲಾಡಿಸಿದೆ. ತಳದಲ್ಲೆಲ್ಲೋ ಸಣ್ಣಗೆ ಪೆಟ್ರೋಲು ಕುಲುಕಿದ ಸಪ್ಪಳವಾಯಿತು.