ಕುದುರದ ಕುದುರೆ

ಬೆಂಗಳೂರಿನ ರೇಸಿನಲ್ಲಿ ಗೆದ್ದು ಗೆದ್ದು ಹೆಸರಾದ ಆ ಕುದುರೆ ಚಿಂತಾಮಣಿಗೆ ಎಂದೂ ಬಂದದ್ದಿಲ್ಲ. ಆದರೂ ಅದರ ಪಟ ಇಲ್ಲಿನ ಸಲೂನು, ಟೊಮೆಟೊ ಮಂಡಿ, ಆಟೋಗಳ ಬೆನ್ನು ಎಲ್ಲವನ್ನೂ ಆಕ್ರಮಿಸಿ, ಕೊನೆಗೆ ನಮ್ಮ ನಡುಮನೆಗೂ ದಯಮಾಡಿಸಿತು. ಮಗಳಿಗೆ ಸಂಬಂಧ ಕುದುರಬೇಕಾದರೆ ಮನೆಯಲ್ಲಿ ಕುದುರೆ ಇರಬೇಕು ಎಂಬುದು ನನ್ನ ಹೆಂಡತಿಯ ವ್ಯಾಕರಣ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಆ ಎರಡು ಪದಗಳಿಗೂ ನಂಟಿಲ್ಲವೆಂದು ಸವಿಸ್ತಾರವಾಗಿ ವಿವರಿಸಿದೆ. ಅವಳು ಕುದುರೆಗೆ ಕುಂಕುಮವಿಟ್ಟಳು.

ಭಾನುವಾರ ಗೌರಿಬಿದನೂರಿನಿಂದ ಗಂಡಿನ ಕಡೆಯವರು ಬಂದರು. ಗಂಡಿನ ತಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ಗೋಡೆಯನ್ನೇ ನೋಡಿದರು.

"ಏನ್ ಮೇಷ್ಟ್ರೇ, ರೇಸ್ ಕುದ್ರೆಗೆ ಪೂಜೆನಾ? ಎಷ್ಟು ವರ್ಷದಿಂದ ಆಡ್ತಿದ್ದೀರಿ?"

ಇಸ್ಪೀಟೆಲೆಯನ್ನೂ ಮುಟ್ಟಿದವನಲ್ಲ ಎಂದೆ.

"ಎಲ್ಲಾರೂ ಹಂಗೇ ಅಂತಾರೆ ಬಿಡಿ" ಎಂದು ಅವರು ತಟ್ಟೆ ಕೆಳಗಿಟ್ಟರು. ಮರುದಿನ ಫೋನ್ ಮಾಡಿ, ಜಾತಕ ಕೂಡಿಬರಲಿಲ್ಲ ಎಂದರು.

"ಈಗೇನಂತೀಯ?" ಎಂದೆ ಹೆಂಡತಿಗೆ.

"ತಪ್ಪು ನಿಮ್ದೇ ಕಣ್ರೀ. ಅದರ ಮುಖ ಬಾಗಿಲ ಕಡೆ ಬರೋ ಹಂಗೆ ಮೊಳೆ ಹೊಡೆದ್ರಿ. ಓಡೋ ಕುದ್ರೆ, ಬಂದ ಸಂಬಂಧನೂ ಹೊತ್ಕೊಂಡು ಆಚೆ ಓಡೋಯ್ತು."

ಮುಂದಿನ ವಾರ ಶಿಡ್ಲಘಟ್ಟದವರು ಬರುವವರಿದ್ದರು. ಕುದುರೆ ಅಡುಗೆಮನೆಯತ್ತ ಓಡುವಂತೆ ಎದುರು ಗೋಡೆಗೆ ನಾನೇ ಇನ್ನೊಂದು ಮೊಳೆ ಹೊಡೆದೆ.