ಸಂಗಣ್ಣನ ಹೆಬ್ಬೆರಳು

ಪಣಜಿಯ ಕಚೇರಿಯ ಗೆಳತಿಯರ ಜೊತೆ ಕಡಲಂಚಿನ ಹಳೆಯ ಕೋಟೆಯ ಹತ್ತಿರ ಡೇರೆ ಹಾಕಿದ್ದೆ. ಗೆಳತಿಯರು ಡೇರೆಯಲ್ಲೇ ಉಳಿದರು. ನನಗೆ ಕೋಟೆ ತೋರಿಸಲು ಬಂದವನು ಡೇರೆ ಹೊಡೆಯುವ ಕೆಲಸಕ್ಕಿದ್ದ ಸಂಗಣ್ಣ. ಮೂಲತಃ ವಿಜಯಪುರದ ಕಡೆಯ ಗೌಂಡಿ, ಗಾರೆ ಕೆಲಸದವನು. ಬಾಯ್ನಾ ಕೊಳೆಗೇರಿಯಲ್ಲಿದ್ದ ಮನೆಯನ್ನು ಸರಕಾರ ಕೆಡವಿದ ಮೇಲೆ ಪಣಜಿ ಹತ್ತಿರದ ಕೊರ್ಲಿಮ್ ಸೇರಿದವನು. ಮಾತು ಕಡಿಮೆ, ಕೆಲಸದ ಹೆಮ್ಮೆ ಮಾತ್ರ ವಿಪರೀತ. ಕೋಟೆಯ ಸುರಂಗದಲ್ಲಿ ಮೇಲೆ ಕೋಟೆಗೆ ಹೋಗುವ ದಾರಿಯ ಗೋಡೆಯ ಕಲ್ಲುಸಂದುಗಳಿಗೆ ಗಾರೆ ತುಂಬಿದವನು ತಾನೇ ಎಂದ. ಒಂದೊಂದು ಸಂದು ಮುಗಿದಾಗಲೂ ಹಸಿ ಗಾರೆಗೆ ಹೆಬ್ಬೆರಳು ಒತ್ತುವುದು ಅವನ ಚಾಳಿಯಂತೆ. ದೊಡ್ಡ ಸಾಹೇಬರ ಸಹಿ ಎಂದು ನಾನು ಕಾಡಿಸಿದೆ.

ಸುರಂಗ ಸಮುದ್ರದ ಬಾಗಿಲಿಗೆ ಇಳಿಯುತ್ತದೆ. ಹಿಂದಿರುಗಿ ಹತ್ತುವಾಗ ಅದು ಎರಡಾಗುತ್ತದೆ. ಒಂದು ಕೋಟೆಗೆ, ಇನ್ನೊಂದು ಬಾಯಿ ತೆರೆದ ಹಾಳು ಬಾವಿಗೆ. ನಾನು ದಾರಿ ತಪ್ಪಬಾರದೆಂದು ಸಂಗಣ್ಣ ಪಾಯಕ್ಕೆ ಗುರುತು ಹಾಕುವ ಹಾಗೆ ನೆಲದ ಮೇಲೆ ಸುಣ್ಣದ ಪುಡಿಯ ಗೆರೆ ಎಳೆಯುತ್ತ ಇಳಿದ. ಬಯಲುಸೀಮೆಯ ಗೌಂಡಿ ಮತ್ತೇನು ಮಾಡಿಯಾನು? ಅವನ ಊರ ಕಡೆ ಎಳೆದ ಗೆರೆ ಪಾಯ ತೋಡುವ ತನಕ ಅಳಿಯುವುದಿಲ್ಲ.

ಬಾಗಿಲಲ್ಲಿ ನಿಂತು ಫೋಟೋ ತೆಗೆಯುತ್ತ ನಾನು ಮೈಮರೆತೆ. ನೀರು ಏರುತ್ತಿದೆ ಎಂದು ಅವನು ಎರಡು ಸಲ ಕರೆದ. ಮೂರನೆಯ ಸಲ ಕರೆಯುವಷ್ಟರಲ್ಲಿ ಅಲೆ ಒಳಗೇ ನುಗ್ಗಿತು. ಕವಲಿಗೆ ಓಡಿ ಬಂದರೆ ಗೆರೆಯೇ ಇಲ್ಲ, ನೀರು ತೊಳೆದುಕೊಂಡು ಹೋಗಿತ್ತು. ಫೋನಿನ ಬೆಳಕಿನಲ್ಲಿ ಬಗ್ಗಿ ಹುಡುಕುವಾಗ ಇನ್ನೊಂದು ಅಲೆ ಇಬ್ಬರನ್ನೂ ಕೆಡವಿತು. ಫೋನ್ ನೀರುಪಾಲಾಯಿತು. ಎದ್ದು ನಿಂತಾಗ ಎಡ ಯಾವುದು, ಬಲ ಯಾವುದು ತಿಳಿಯದಂಥ ಕತ್ತಲು.

ಹೆಜ್ಜೆ ತಪ್ಪಿದರೆ ಬಾವಿ, ನಿಂತಲ್ಲೇ ನಿಂತರೆ ನೀರು. ಸಂಗಣ್ಣ ನನ್ನ ಮಣಿಕಟ್ಟು ಹಿಡಿದ.

"ಕಾಲು ಎತ್ತಬ್ಯಾಡ್ರಿ ಅಕ್ಕಾರ. ಗ್ವಾಡಿ ನೋಡಾಕತ್ತೇನಿ."

ಒಂದು ಬದಿಯ ಗೋಡೆ ಸವರಿದ. ಬರೀ ಪಾಚಿ. ನನ್ನನ್ನು ಎಳೆದುಕೊಂಡು ಇನ್ನೊಂದು ಬದಿಗೆ ಬಂದ. ಅಷ್ಟರಲ್ಲಿ ನೀರು ಸೊಂಟಕ್ಕೆ ಬಂದಿತ್ತು. ತಡವಿದ, ಮತ್ತೆ ತಡವಿದ. ಆಮೇಲೆ ನನ್ನ ಬೆರಳನ್ನು ಒಯ್ದು ಗಾರೆಯಲ್ಲಿದ್ದ ಪುಟ್ಟ ಕುಳಿಯೊಳಗೆ ಇಟ್ಟ. ಸ್ವಲ್ಪ ಮುಂದೆ ಇನ್ನೊಂದು ಕುಳಿ, ಅದರಾಚೆ ಮತ್ತೊಂದು. ಅವನ್ನೇ ಮುಟ್ಟುತ್ತ ಮೇಲೆ ಹತ್ತಿದೆವು.

ಹೊರಗೆ ಇನ್ನೂ ಬಿಸಿಲಿತ್ತು. ನಿನ್ನಿಂದ ಉಳಿದೆ ಸಂಗಣ್ಣ ಎಂದು ಅತ್ತುಬಿಟ್ಟೆ. ಅವನು ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಸುಣ್ಣಾ ಹಾಕಿದಾಂವನೂ ನಾನ ಅಲ್ಲೇನ್ರಿ" ಎಂದ.

ಎರಡು ಸಲ ಕರೆದರೂ ಬಾರದವಳು ನಾನು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.